ಕುಗ್ಗಿದ ನಕ್ಷೆ

೨೦೧೪ನೇ ಇಸವಿ ಮಾರ್ಚ್ ಮೂರನೇ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರು ದೇಶದ ಅತ್ಯುನ್ನತ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಹತ್ತು ಇಪ್ಪತ್ನಾಲ್ಕಕ್ಕೆ ಕಾರ್ಯಕ್ರಮ ಮುಗಿಯಿತು. ಅದೇ ತಿಂಗಳ ಇಪ್ಪತ್ತೊಂಬತ್ತಕ್ಕೆ ಅವರಿಗೆ ಅರವತ್ತೈದು ತುಂಬುತ್ತಿತ್ತು, ಅಂದೇ ನಿವೃತ್ತಿ. ಒಟ್ಟು ಇಪ್ಪತ್ತೇಳು ದಿನ. ಶನಿವಾರ ಭಾನುವಾರಗಳನ್ನು ಕಳೆದರೆ ಕೋರ್ಟು ಕೂರುವುದು ಇಪ್ಪತ್ತು ದಿನ.

ಈ ಲೆಕ್ಕ ಯಾರಿಗೂ ಹೊಸದಲ್ಲ. ಯಾವ ನ್ಯಾಯಮೂರ್ತಿ ಯಾವಾಗ ಮುಖ್ಯರಾಗುತ್ತಾರೆ, ಎಷ್ಟು ದಿನ ಇರುತ್ತಾರೆ ಎನ್ನುವುದು ಆ ಕಟ್ಟಡದಲ್ಲಿ ಬಾಗಿಲು ಕಾಯುವವನಿಂದ ಹಿಡಿದು ಹಿರಿಯ ವಕೀಲರವರೆಗೆ ಎಲ್ಲರಿಗೂ ಬಾಯಿಪಾಠ. ಹುಟ್ಟಿದ ದಿನ ಮತ್ತು ನೇಮಕವಾದ ದಿನ ಗೊತ್ತಿದ್ದು, ಕೂಡಿ ಕಳೆಯಲು ಬಂದರೆ ಸಾಕು. ಹನ್ನೊಂದು ವರ್ಷದ ಹಿಂದೆ ಅವರು ಇಲ್ಲಿಗೆ ಬಂದ ದಿನವೇ ಯಾರೋ ಲೆಕ್ಕ ಹಾಕಿ, ಮುಂದಿರುವವರೆಲ್ಲ ಗಟ್ಟಿಯಾಗಿದ್ದರೆ ಇವರಿಗೆ ಇಪ್ಪತ್ತೇಳೇ ದಿನ ಎಂದಿದ್ದರು. ಮುಂದಿದ್ದವರೆಲ್ಲ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿಯೇ ಇದ್ದರು.

ಹಿಂದಿನ ಸಂಜೆ ಅಕ್ಕ ಫೋನಿನಲ್ಲಿ ಕೇಳಿದ್ದಳು, "ಬರೀ ಇಪ್ಪತ್ತೇಳು ದಿನದ ಪಟ್ಟವೇನೋ ಪುಟ್ಟಾ? ನಮ್ಮನೆ ಗ್ಯಾಸ್ ಸಿಲಿಂಡರ್ ಅದಕ್ಕಿಂತ ಜಾಸ್ತಿ ದಿನ ಬರುತ್ತೆ."

"ಕೆಲಸದ ದಿನ ಇಪ್ಪತ್ತೇ ಅಕ್ಕ."

"ಸರಿಹೋಯ್ತು. ಕುರ್ಚಿ ಬಿಸಿಯಾಗೋಷ್ಟರಲ್ಲಿ ಏಳಪ್ಪ ಅಂತಾರೆ."

ಅರವತ್ತೈದರ ಅಂಚಿನಲ್ಲಿದ್ದ ಅವರನ್ನು ಪುಟ್ಟ ಎಂದು ಕರೆಯುವ ಜೀವ ಜಗತ್ತಿನಲ್ಲಿ ಉಳಿದಿದ್ದುದು ಅದೊಂದೇ. ಆರು ವರ್ಷ ದೊಡ್ಡವಳಾದ ಅಕ್ಕ ಬೇರೆ ಊರಿನಲ್ಲಿದ್ದಳು. ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾಗಿದ್ದಳು. ತಮ್ಮನೂ ಅದೇ ವಿಷಯ ಓದಿ, ಅದರಲ್ಲಿ ಕೆಲಸ ಸಿಗದೆ ಕಾನೂನಿನ ಕಡೆ ತಿರುಗಿದವರು.

ಭೌತಶಾಸ್ತ್ರ ಅವರನ್ನು ಬಿಟ್ಟರೂ ಅದರ ಸ್ಕೇಲು ಬಿಡಲಿಲ್ಲ. ಮೂವತ್ತು ಸೆಂಟಿಮೀಟರಿನ ಒಂದು ಉಕ್ಕಿನ ಸ್ಕೇಲು ಕಾಲೇಜಿನಿಂದ ಅವರ ಜೊತೆಗೇ ಬಂದಿತ್ತು. ಇಪ್ಪತ್ತೆಂಟನೇ ವಯಸ್ಸಿಗೆ ಒಂದು ಸಣ್ಣ ಊರಿನ ಕೆಳ ನ್ಯಾಯಾಲಯಕ್ಕೆ ಸೇರಿದ ಹೊಸತರಲ್ಲಿ ಕಳ್ಳತನದ ಕೇಸೊಂದು ಬಂತು. ಬೀರುವನ್ನು ಹಿಂಬಾಗಿಲಿನಿಂದ ಹೊತ್ತೊಯ್ದರೆಂದು ಒಬ್ಬ, ಇಲ್ಲವೆಂದು ಇನ್ನೊಬ್ಬ, ಇಬ್ಬರು ವಕೀಲರು ಮೂರು ದಿನ ಗಂಟಲು ಹರಿದುಕೊಂಡರು. ನಾಲ್ಕನೇ ದಿನ ಈ ಎಳೆಯ ನ್ಯಾಯಾಧೀಶರು ತಾವೇ ಹೋಗಿ ಬಾಗಿಲು ಅಳೆದರು. ಬೀರು ಬಾಗಿಲಿಗಿಂತ ಎಂಟು ಸೆಂಟಿಮೀಟರ್ ಅಗಲವಿತ್ತು. ಅಂದಿನಿಂದ ಅವರಿಗೆ 'ಸ್ಕೇಲ್ ಸಾಹೇಬರು' ಎಂಬ ಹೆಸರು ಅಂಟಿತು. ಒಂಬತ್ತು ಊರುಗಳಿಗೆ ವರ್ಗವಾದರೂ ಅವರಿಗಿಂತ ಒಂದು ದಿನ ಮೊದಲೇ ಆ ಹೆಸರು ಊರು ತಲುಪಿರುತ್ತಿತ್ತು.

ಮೇಲೆ ಮೇಲೆ ಹೋದಂತೆ ಸುತ್ತಲಿನ ಜನ ಕಡಿಮೆಯಾದರು. ವಕೀಲರ ಮನೆಗೆ ಹೋಗುವಂತಿಲ್ಲ. ಜೊತೆಗೆ ಓದಿದವರ ಮನೆಗೆ ಹೋದರೆ ಚಹಾ ಮುಗಿಯುವಷ್ಟರಲ್ಲಿ ಸೋಫಾದ ಹಿಂದಿನಿಂದ ಯಾರದೋ ಕಡತ ಹೊರಬರುತ್ತಿತ್ತು. ನೆಂಟರ ಮಾತಂತೂ ಕೇಳುವುದೇ ಬೇಡ, ಕುಶಲ ಕೇಳಿದ ಎರಡನೇ ನಿಮಿಷಕ್ಕೆ ಗಡಿ ತಗಾದೆ. ಒಂದೊಂದೇ ಮನೆ ಬಿಟ್ಟರು. ಮದುವೆಯ ಮಾತು ಬಂದಾಗಲೆಲ್ಲ ವರ್ಗಾವಣೆಯೂ ಬರುತ್ತಿತ್ತು; ಕೊನೆಗೆ ಮಾತು ಬರುವುದೇ ನಿಂತಿತು. ಈಗ ಮುಖ್ಯ ನ್ಯಾಯಮೂರ್ತಿಯ ಅಧಿಕೃತ ನಿವಾಸದಲ್ಲಿ ಹನ್ನೊಂದು ಕೋಣೆಗಳು. ಅವರು ಬಳಸುತ್ತಿದ್ದುದು ಎರಡು. ಉಳಿದ ಒಂಬತ್ತರಲ್ಲಿ ದೀಪ ಹಾಕಿ ಆರಿಸಲು ಒಬ್ಬ ಆಳು ಬರುತ್ತಿದ್ದ.

ಕಚೇರಿಯ ಕೋಣೆಯೂ ಹಾಗೆಯೇ. ಬಾಗಿಲಿನಿಂದ ಮೇಜಿಗೆ ಇಪ್ಪತ್ತೊಂದು ಹೆಜ್ಜೆ. ಬಂದವರು ಅಷ್ಟು ದೂರ ನಡೆಯುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತಿನಲ್ಲಿ ಅರ್ಧ ನುಂಗಿಬಿಡುತ್ತಿದ್ದರು.

*

ಐದನೇ ದಿನ, ಶುಕ್ರವಾರ ಮಧ್ಯಾಹ್ನ, ಕಾರ್ಯದರ್ಶಿ ಆ ಇಪ್ಪತ್ತೊಂದು ಹೆಜ್ಜೆ ನಡೆದು ಬಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ಹತ್ತೊಂಬತ್ತು ವರ್ಷದಿಂದ ಅವರ ತೀರ್ಪುಗಳನ್ನೆಲ್ಲ ಬೆರಳಚ್ಚು ಮಾಡಿದ ಹೆಂಗಸು. ಹೆಚ್ಚು ಮಾತಿನವರಲ್ಲ.

"ಸರ್, ಇದು ಸೋಮವಾರವೇ ಬಂತು. ಕೊಡ್ಲೋ ಬೇಡ್ವೋ ಅಂತ ನಾಲ್ಕು ದಿನ ನನ್ನ ಡ್ರಾಯರ್‌ನಲ್ಲೇ ಇಟ್ಕೊಂಡಿದ್ದೆ."

"ಯಾಕಮ್ಮಾ?"

"ಆ ತೀರ್ಪು ಟೈಪ್ ಮಾಡಿದ್ದು ನಾನೇ ಸರ್." ಇಷ್ಟು ಹೇಳಿ ಅವರು ನಿಂತೇ ಇದ್ದರು.

ಸಾಹೇಬರು ಓದಿದರು. ಜೈಲಿನಿಂದ ಬಂದ ಕಾಗದ, ಅಕ್ಷರ ದುಂಡಗೆ.

"ಮುಖ್ಯ ನ್ಯಾಯಮೂರ್ತಿಗಳಿಗೆ ನಮಸ್ಕಾರ. ನಾನು ದರ್ಜಿ. ಹನ್ನೆರಡು ವರ್ಷದಿಂದ ಒಳಗಿದ್ದೀನಿ. ಮುಖ್ಯರು ಬದಲಾದಾಗಲೆಲ್ಲ ಒಂದು ಕಾಗದ ಹಾಕ್ತೀನಿ, ಇದು ಐದನೇದು. ಕೆಳಗಿನ ಕೋರ್ಟಿನಲ್ಲಿ ಸರ್ವೆಯವರ ನಕ್ಷೆ ಬಿಡಿಸಿ ತೋರಿಸಿದಾಗ ಅದು ನಲವತ್ತೆರಡು ಸೆಂಟಿಮೀಟರ್ ಉದ್ದ ಇತ್ತು. ನಾನು ಅಳೆದಿಲ್ಲ. ಆದರೆ ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದವನು, ನನ್ನ ಕಣ್ಣು ಒಂದು ಸೆಂಟಿಮೀಟರಿಗಿಂತ ಜಾಸ್ತಿ ತಪ್ಪಲ್ಲ. ನಿಮ್ಮ ಕೋರ್ಟಿನ ಪುಸ್ತಕದಲ್ಲಿ ಅದೇ ನಕ್ಷೆ ಮೂವತ್ತೂ ಇಲ್ಲ. ದೊಡ್ಡವರ ಶರ್ಟಿನ ಪ್ಯಾಟರ್ನ್ ತಗೊಂಡು ಚಿಕ್ಕದು ಮಾಡಿ, ಮೇಲೆ ಮಾತ್ರ 'ದೊಡ್ಡವರ ಅಳತೆ' ಅಂತ ಹಾಗೇ ಬಿಟ್ಟರೆ, ಅದರಲ್ಲಿ ಹೊಲಿದದ್ದು ಯಾರಿಗೆ ಆಗುತ್ತೆ? ನಾನು ಕ್ಷಮೆ ಕೇಳ್ತಾ ಇಲ್ಲ. ಆ ಬೀದಿಗೆ ಹೋಗಿ ಟೇಪು ಹಿಡಿದು ಅಳೀರಿ ಅಂತ ಕೇಳ್ತಾ ಇದ್ದೀನಿ."

ಕೇಸು ಅವರಿಗೆ ಚೆನ್ನಾಗಿ ನೆನಪಿತ್ತು. ಒಬ್ಬ ಗಡಿಯಾರ ರಿಪೇರಿಯವನನ್ನು ಸಂಜೆ ಏಳೂಮುಕ್ಕಾಲಕ್ಕೆ ಅವನ ಅಂಗಡಿಯ ಮೆಟ್ಟಿಲ ಮೇಲೆ ಯಾರೋ ಇರಿದು ಕೊಂದಿದ್ದರು. ಪಕ್ಕದ ಅಂಗಡಿಯ ದರ್ಜಿಗೂ ಅವನಿಗೂ ಚರಂಡಿಯ ಪೈಪಿನ ವಿಷಯಕ್ಕೆ ಜಗಳವಿತ್ತು. ಎದುರು ಸಾಲಿನ ಮನೆಗೆ ಹೊಸದಾಗಿ ಬಂದಿದ್ದ ಒಬ್ಬ ನರ್ಸ್ ಕಿಟಕಿಯಿಂದ ನೋಡಿ, ಓಡಿದವನ ಮುಖ ಈ ದರ್ಜಿಯದೇ ಎಂದಳು. ಅದೊಂದೇ ಸಾಕ್ಷಿ. ಬೀದಿದೀಪದ ಆ ಬೆಳಕಿನಲ್ಲಿ ಪರಿಚಯವಿಲ್ಲದವರ ಮುಖವನ್ನು ಹದಿನೈದು ಮೀಟರ್ ಆಚೆಯಿಂದ ಖಚಿತವಾಗಿ ಗುರುತಿಸಲಾಗದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಕಿಟಕಿಗೂ ಮೆಟ್ಟಿಲಿಗೂ ಇದ್ದ ದೂರವನ್ನು ಒಬ್ಬ ವಕೀಲರು ಹತ್ತು ಮೀಟರ್ ಎಂದರೆ ಇನ್ನೊಬ್ಬರು ಇಪ್ಪತ್ತು ಎಂದರು. ಸರ್ವೆಯವನನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಕೇಸು ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದಾಗ, ತೀರ್ಪು ಬರೆದ ಸಾಹೇಬರು ತಮ್ಮ ಅಭ್ಯಾಸದಂತೆ ಕೇಸಿನ ಕಾಗದಗಳನ್ನೆಲ್ಲ ಅಚ್ಚು ಹಾಕಿ ಕಟ್ಟಿದ ಮೇಲ್ಮನವಿಯ ಪುಸ್ತಕ ಬಿಡಿಸಿ, ನಕ್ಷೆಯ ಮೇಲೆ ಸ್ಕೇಲು ಇಟ್ಟಿದ್ದರು. ಐದು ಸೆಂಟಿಮೀಟರ್ ಆರು ಮಿಲಿಮೀಟರ್ ಬಂದಿತ್ತು. ನಕ್ಷೆಯ ಮೂಲೆಯಲ್ಲಿ 'ಒಂದು ಸೆಂಟಿಮೀಟರಿಗೆ ಎರಡು ಮೀಟರ್' ಎಂದು ಬರೆದಿತ್ತು. ಅಲ್ಲಿಗೆ ಹನ್ನೊಂದು ಮೀಟರ್ ಇಪ್ಪತ್ತು ಸೆಂಟಿಮೀಟರ್.

"ಅಂತರ ಹದಿನೈದು ಮೀಟರ್ ಮೀರಿದ್ದರೆ ಅನುಮಾನದ ಲಾಭ ಆರೋಪಿಗೆ ಸಲ್ಲುತ್ತಿತ್ತು" ಎಂದು ಅವರು ಮೂವತ್ತೊಂದನೇ ಪ್ಯಾರಾದಲ್ಲಿ ಬರೆದಿದ್ದರು. "ಆದರೆ ನಾವೇ ಅಳೆದು ನೋಡಿದ್ದೇವೆ." ಜೀವಾವಧಿ ಶಿಕ್ಷೆ ಖಾಯಂ ಆಯಿತು. ಊಹೆ ಬಿಟ್ಟು ಅಳತೆ ಹಿಡಿದ ತೀರ್ಪೆಂದು ಅದಕ್ಕೆ ಹೆಸರು ಬಂತು. ಕಾನೂನು ಕಾಲೇಜುಗಳಲ್ಲಿ ಪಾಠವಾಯಿತು.

"ಆ ಪುಸ್ತಕ ತರಿಸಿ" ಎಂದರು ಸಾಹೇಬರು.

ಕಾರ್ಯದರ್ಶಿ ಅದನ್ನು ಆಗಲೇ ತರಿಸಿಟ್ಟಿದ್ದರು. ನಕ್ಷೆಯ ಪುಟದ ಉದ್ದ ಇಪ್ಪತ್ತೊಂಬತ್ತೂ ಮುಕ್ಕಾಲು ಸೆಂಟಿಮೀಟರಿಗೆ ಒಂದು ಕೂದಲೆಳೆ ಕಡಿಮೆ. ಸಾಹೇಬರು ಎರಡು ಸಲ ಅಳೆದರು. ಮೂರನೇ ಸಲ ಸ್ಕೇಲು ಎತ್ತಿದವರು ಇಡದೆ ಪುಸ್ತಕ ಮುಚ್ಚಿದರು.

*

ಸೋಮವಾರ ಅವರು ನೆಲಮಾಳಿಗೆಯ ಮುದ್ರಣ ವಿಭಾಗಕ್ಕೆ ತಾವೇ ಇಳಿದು ಹೋದರು. ಮುಖ್ಯ ನ್ಯಾಯಮೂರ್ತಿಯೊಬ್ಬರು ಅಲ್ಲಿಗೆ ಬಂದದ್ದು ಅದೇ ಮೊದಲು. ಶಾಯಿ ಮೆತ್ತಿದ ಕೈಯನ್ನು ಎಲ್ಲಿ ಅಡಗಿಸುವುದೆಂದು ತಿಳಿಯದೆ ಫೋರ್‌ಮನ್ ಬೆನ್ನ ಹಿಂದೆ ಕಟ್ಟಿಕೊಂಡ.

"ಕೆಳಗಿನ ಕೋರ್ಟಿಂದ ದೊಡ್ಡ ನಕ್ಷೆ ಬಂದ್ರೆ ಏನ್ ಮಾಡ್ತೀರಿ?"

"ಚಿಕ್ಕದು ಮಾಡ್ತೀವಿ ಸಾರ್. ಪುಸ್ತಕದೊಳಗೆ ಕೂರಬೇಕಲ್ಲ."

"ಯಾವಾಗ್ಲೂ?"

"ನಾನು ಸೇರಿ ಮೂವತ್ತೊಂದು ವರ್ಷ ಆಯ್ತು ಸಾರ್, ಹಂಗೇ ಮಾಡ್ತಾ ಬಂದಿದೀವಿ. ಅಕ್ಷರ ಕಾಣಿಸ್ತಾ ಇಲ್ಲ ಅಂತ ಒಬ್ರೂ ಕಂಪ್ಲೇಂಟ್ ಮಾಡಿಲ್ಲ." ಆಮೇಲೆ ಮುಖ ನೋಡಿ ಗಾಬರಿಯಾಗಿ, "ತಪ್ಪಾಯ್ತಾ ಸಾರ್?" ಎಂದ.

"ನಿಮ್ಮದಲ್ಲ."

ತಪ್ಪು ಎಷ್ಟು ಸಣ್ಣದೆಂದರೆ, ಬೇರೆ ಯಾವ ಕಸುಬಿನವರೂ ಅದನ್ನು ಮಾಡುತ್ತಿರಲಿಲ್ಲ. ಗಾರೆ ಕೆಲಸದವನು ಕುಗ್ಗಿಸಿದ ನಕ್ಷೆಯನ್ನು ನಂಬಿ ಗೋಡೆ ಎಬ್ಬಿಸಿದರೆ ಸಂಜೆಯೊಳಗೆ ಬಾಗಿಲು ಕೂರದೆ ಸಿಕ್ಕಿಬೀಳುತ್ತಾನೆ. ನ್ಯಾಯಮೂರ್ತಿಗಳಿಗೆ ಪ್ರಪಂಚವೆಲ್ಲ ಒಂದೇ ಅಳತೆಯ ಪುಸ್ತಕವಾಗಿ ಬರುತ್ತದೆ. ಬೀದಿಯಾಗಲಿ, ಕಾಡಾಗಲಿ, ಒಡೆದ ತಲೆಯ ಎಕ್ಸ್‌ರೇ ಆಗಲಿ. ಹಾಳೆ ಕುಗ್ಗಿದಾಗ ಗೆರೆಗಳು ಕುಗ್ಗಿದ್ದವು. ಮಾತಿನಲ್ಲಿ ಬರೆದಿದ್ದ 'ಒಂದಕ್ಕೆ ಎರಡು' ಮಾತ್ರ ಕುಗ್ಗದೆ ಹಾಗೆಯೇ ಉಳಿದಿತ್ತು.

ಮೂಲ ನಕ್ಷೆ ಸಿಕ್ಕಿದ್ದರೆ ಕೆಲಸ ಅರ್ಧ ಗಂಟೆಯದು. ಸಿಗಲಿಲ್ಲ. ಕೇಸು ಮುಗಿದು ಆರು ವರ್ಷವಾದ ಮೇಲೆ ಕೆಳ ನ್ಯಾಯಾಲಯ ನಿಯಮದಂತೆ ಹಳೆಯ ಕಾಗದಗಳನ್ನೆಲ್ಲ ನಾಶ ಮಾಡಿತ್ತು. ಆ ನಿಯಮದ ಕರಡಿಗೆ ಸಾಹೇಬರೂ ಸಹಿ ಹಾಕಿದ್ದರು.

ಆ ಸಂಜೆ ಅಕ್ಕನಿಗೆ ಎಲ್ಲವನ್ನೂ ಹೇಳಿದರು. ಅವಳು ಮಧ್ಯೆ ಬಾಯಿ ಹಾಕಲಿಲ್ಲ. ಅಕ್ಕನ ಮಟ್ಟಿಗೆ ಅದೇ ಒಂದು ಅಪಶಕುನ.

"ಆ ದರ್ಜಿಯ ಕಣ್ಣು ನಂಬಿದ್ರೆ ಎಷ್ಟು ಬರುತ್ತೋ ನಿಜವಾದ ದೂರ?"

"ಹದಿನೈದು ಪಾಯಿಂಟ್ ಎಂಟು."

"ಪ್ಲಸ್ ಮೈನಸ್?"

"ನನ್ನ ಸ್ಕೇಲಿಂದು ಒಂದು ಮಿಲಿಮೀಟರ್. ಅವನ ಕಣ್ಣಿಂದು ಒಂದು ಸೆಂಟಿಮೀಟರ್..."

"ನಕ್ಷೆ ಬರೆದೋನ ಕೈ? ಪೆನ್ಸಿಲ್ಲಿನ ದಪ್ಪ? ಅದನ್ನೂ ಹಾಕು." ಅಕ್ಕ ತಾನೇ ಮನಸ್ಸಿನಲ್ಲಿ ಕೂಡಿದಳು. "ಒಂದು ಮೀಟರ್ ಆಚೆ ಈಚೆ. ಹದಿನಾಲ್ಕು ಪಾಯಿಂಟ್ ಎಂಟರಿಂದ ಹದಿನಾರು ಪಾಯಿಂಟ್ ಎಂಟು. ಹದಿನೈದು ಅದ್ರೊಳಗೇ ಕೂತಿದೆಯಲ್ಲೋ."

"ಹೌದು."

"ಅಂದ್ರೆ ಬೀದಿಗೆ ಹೋಗದೆ ಏನೂ ಹೇಳೋ ಹಾಗಿಲ್ಲ." ಆಮೇಲೆ ಕೇಳಿದಳು. "ಆವತ್ತು ತೀರ್ಪಲ್ಲಿ ಪ್ಲಸ್ ಮೈನಸ್ ಬರೆದಿದ್ಯಾ?"

"ಇಲ್ಲ."

"ನನ್ನ ಲ್ಯಾಬಲ್ಲಾಗಿದ್ರೆ ಎರಡು ಮಾರ್ಕ್ಸ್ ಕಿತ್ಕೊಂಡಿರ್ತಿದ್ದೆ."

ಫೋನಿನ ಆ ತುದಿಯಲ್ಲಿ ಅಕ್ಕನ ಮನೆಯ ಫ್ಯಾನು ಕಿರುಗುಟ್ಟುವುದು ಕೇಳಿಸುತ್ತಿತ್ತು.

"ಊಟ ಮಾಡಿದ್ಯಾ?" ಎಂದಳು ಅಕ್ಕ, ದನಿ ಇಳಿಸಿ.

"ಮಾಡ್ತೀನಿ."

*

ತೀರ್ಪಿನ ಮರುಪರಿಶೀಲನೆ ಅದನ್ನು ಕೊಟ್ಟವರಲ್ಲಿ ಒಬ್ಬರಾದರೂ ಇರುವ ಪೀಠದ ಮುಂದೆಯೇ ಆಗಬೇಕು ಎನ್ನುವುದು ಆ ನ್ಯಾಯಾಲಯದ ನಿಯಮ. ಕೊಟ್ಟ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ನಿವೃತ್ತರಾಗಿ ಮಾತು ನಿಂತು ಹಾಸಿಗೆ ಹಿಡಿದಿದ್ದರು. ಉಳಿದವರು ಇವರೊಬ್ಬರೇ. ಇನ್ನು, ಅವಧಿ ಮೀರಿದ ಅರ್ಜಿಯನ್ನು ಪಟ್ಟಿಗೆ ಹಾಕಿಸುವ ಅಧಿಕಾರ ಮುಖ್ಯ ನ್ಯಾಯಮೂರ್ತಿಗೆ ಮಾತ್ರ. ಆ ಎರಡೂ ಒಬ್ಬರಲ್ಲೇ ಕೂಡಿದ್ದು ಈ ಇಪ್ಪತ್ತು ದಿನಗಳಲ್ಲಿ. ಅದರಲ್ಲಿ ಆರು ಆಗಲೇ ಕಳೆದಿದ್ದವು. ಇಪ್ಪತ್ತೊಂಬತ್ತರ ನಂತರ ಆ ಬಾಗಿಲಿಗೆ ಬೀಗ ಹಾಕಬೇಕಾಗಿಯೇ ಇರಲಿಲ್ಲ, ಗೋಡೆಯೇ ಎದ್ದಿರುತ್ತಿತ್ತು.

ಮರುದಿನ ಅವರ ನಂತರದ ಹಿರಿಯ ನ್ಯಾಯಮೂರ್ತಿಯನ್ನು ಕರೆಸಿದರು. ಇವರ ಬಳಿಕ ಎರಡು ವರ್ಷ ಮುಖ್ಯರಾಗಿರಬೇಕಾದವರು ಅವರು. ಮೈ ತುಂಬಿದ, ಬಾಯಿ ತುಂಬ ನಗುವ ಮನುಷ್ಯ. ಕಟ್ಟಡದಲ್ಲೆಲ್ಲ ಅವರಿಗೆ 'ಎರಡನೆಯವರು' ಎಂದೇ ಹೆಸರು. ಕಾಗದ ಓದಿದರು, ಪುಸ್ತಕ ನೋಡಿದರು. ನಗು ಬರಲಿಲ್ಲ.

"ಅಲ್ರೀ, ಹೋಗೋ ಹೊತ್ತಲ್ಲಿ ಇರುವೆ ಗೂಡಿಗೆ ಕೈ ಹಾಕ್ತೀರಲ್ಲ. ಈ ತೀರ್ಪು ಹಿಡ್ಕೊಂಡು ಎಷ್ಟು ಕೇಸು ಆಗಿವೆ ಗೊತ್ತಾ?"

"ನಲವತ್ಮೂರು. ಪಟ್ಟಿ ಮಾಡಿಸಿದೀನಿ."

"ಒಂದು ಇಟ್ಟಿಗೆ ಎಳೆದ್ರೆ ಗೋಡೆನೇ ಮೈಮೇಲೆ ಬರುತ್ತೆ."

"ಸೊಟ್ಟಗೋಡೆ ತಾನೇ? ಬರ್ಲಿ."

ಎರಡನೆಯವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಕೇಳಿ. ನಾನು ಒಂದು ದಾರಿ ಹೇಳ್ತೀನಿ. ಕ್ಷಮಾದಾನಕ್ಕೆ ಒಂದು ಶಿಫಾರಸು ಬರೆದುಬಿಡಿ. ಹನ್ನೆರಡು ವರ್ಷ ಒಳಗಿದ್ದಾನೆ, ನಡತೆ ಚೆನ್ನಾಗಿದೆ, ಮುಖ್ಯ ನ್ಯಾಯಮೂರ್ತಿಗಳೇ ಬರೆದಿದ್ದಾರೆ ಅಂದ್ರೆ ಆರು ತಿಂಗಳಲ್ಲಿ ಹೊರಗೆ ಬರ್ತಾನೆ. ನಿಮ್ಮ ಹೆಸರೂ ಉಳಿಯುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಅದು ಬಿಟ್ಟು ಬೀದಿಗೆ ಹೋಗಿ ಅಳೆದಾಗ ಹದಿನಾಲ್ಕೂ ಮುಕ್ಕಾಲು ಬಂತು ಅಂತಿಟ್ಕೊಳ್ಳಿ. ಆಮೇಲೆ ಕ್ಷಮಾದಾನಕ್ಕೂ ಯಾರೂ ಕೈ ಎತ್ತಲ್ಲ. ಅವನು ಸಾಯೋವರೆಗೂ ಒಳಗೇ. ನಿಮಗೇನು, ಮನೆಗೆ ಹೋಗ್ತೀರಿ."

ಈ ಕೊನೆಯ ಮಾತು ನಾಟಿತು. ತಮ್ಮ ಹೆಸರನ್ನು ಪಣಕ್ಕಿಡುವುದಕ್ಕೆ ಸಾಹೇಬರು ಮನಸ್ಸಿನಲ್ಲೇ ತಯಾರಾಗಿದ್ದರು; ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತೇನೋ. ಆದರೆ ಪಣಕ್ಕಿಡುತ್ತಿದ್ದುದು ಇನ್ನೊಬ್ಬನ ಉಳಿದ ಆಯುಸ್ಸನ್ನು. ತಪ್ಪು ತಮ್ಮದು, ಅದನ್ನು ಸರಿಮಾಡುವ ಆಟದಲ್ಲಿ ಸೋತರೆ ದಂಡ ಅವನದು.

ಅವರು ಎರಡು ದಿನ ಏನೂ ಮಾಡಲಿಲ್ಲ. ಕೋರ್ಟಿನಲ್ಲಿ ಕೂತರು, ವಾದ ಕೇಳಿದರು. ಮಧ್ಯಾಹ್ನ ಆ ದೊಡ್ಡ ಕೋಣೆಯಲ್ಲಿ ಒಬ್ಬರೇ ತಿಂದರು. ಶಿಫಾರಸಿನ ಪತ್ರವನ್ನು ಕೈಬರಹದಲ್ಲಿ ಬರೆದರು. ಚೆನ್ನಾಗಿಯೇ ಬಂದಿತ್ತು. ಮತ್ತೆ ಓದಿದಾಗ ಅದರಲ್ಲಿ ಎಲ್ಲೂ ಅಳತೆಯ ಮಾತೇ ಇಲ್ಲವೆಂದು ಗಮನಕ್ಕೆ ಬಂತು. ದರ್ಜಿ ಕೊಲೆ ಮಾಡಿದವನು, ದೊಡ್ಡ ಮನಸ್ಸು ಮಾಡಿ ಬಿಡಬೇಕು ಎಂದಂತಿತ್ತು.

ಶುಕ್ರವಾರ ಅವರು ಕಾನೂನು ನೆರವಿನ ಒಬ್ಬ ವಕೀಲೆಯನ್ನು ದರ್ಜಿಗೆ ನೇಮಿಸಿದರು. ಎರಡು ದಾರಿಯನ್ನೂ ಅವನಿಗೆ ಬಿಡಿಸಿ ಹೇಳಿ, ಅಳತೆ ಕಡಿಮೆ ಬಂದರೆ ಏನಾಗುತ್ತದೆ ಎಂಬುದನ್ನಂತೂ ಎರಡು ಸಲ ಹೇಳಿ, ಉತ್ತರವನ್ನು ಬರವಣಿಗೆಯಲ್ಲಿ ತರಬೇಕೆಂದು ಆದೇಶಿಸಿದರು. ಸೋಮವಾರ ವಕೀಲೆ ತಂದ ಹಾಳೆಯಲ್ಲಿ ಒಂದೇ ಪದವಿತ್ತು: "ಅಳೀರಿ." ಕೆಳಗೆ ಸಹಿ.

"ಇಷ್ಟೇನಾ?" ಎಂದರು ಎರಡನೆಯವರು.

"ನಾನೂ ಅದನ್ನೇ ಕೇಳಿದೆ ಸರ್" ಎಂದಳು ವಕೀಲೆ. "ಇನ್ನೇನಾದ್ರೂ ಬರೀರಿ ಅಂದೆ. 'ಕಾಗದ ನಿಮ್ಮದು, ಸುಮ್ನೆ ಯಾಕೆ ಹಾಳು ಮಾಡ್ಲಿ' ಅಂದ್ರು."

ಎರಡನೆಯವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ, "ಪೀಠದಲ್ಲಿ ನಾನೂ ಕೂರ್ತೀನಿ. ಹದಿನೈದು ದಾಟಿದ್ರೆ ನನ್ನ ಸಹಿ ಇದೆ. ದಾಟದಿದ್ರೆ ನನ್ನ ಕೇಳಬೇಡಿ" ಎಂದರು.

*

ಹತ್ತೊಂಬತ್ತನೇ ತಾರೀಖು, ಬುಧವಾರ, ತುಂಬಿದ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ತಮ್ಮದೇ ತೀರ್ಪಿನ ಮೂವತ್ತೊಂದನೇ ಪ್ಯಾರಾವನ್ನು ಗಟ್ಟಿಯಾಗಿ ಓದಿದರು. ಓದಿ, "ಇದನ್ನು ಬರೆದವನು ನಾನು. ಅಳೆದವನೂ ನಾನು. ಅಳೆದದ್ದು ಕುಗ್ಗಿಸಿದ ಪ್ರತಿಯನ್ನು" ಎಂದರು. ಒಬ್ಬ ವಕೀಲರ ಕೈಯಿಂದ ಪೆನ್ನು ಜಾರಿ ಬಿದ್ದು ಉರುಳಿದ ಸದ್ದು ಕೊನೆಯ ಬೆಂಚಿನವರೆಗೆ ಕೇಳಿಸಿತು. ಮರುಪರಿಶೀಲನೆಗೆ ಅರ್ಜಿ ಸ್ವೀಕಾರ, ಇಪ್ಪತ್ತಾರರಂದು ಬೆಳಿಗ್ಗೆ ಹನ್ನೊಂದಕ್ಕೆ ಸ್ಥಳ ಪರಿಶೀಲನೆ, ಆರೋಪಿಯೂ ಹಾಜರಿರತಕ್ಕದ್ದು, ನಲವತ್ಮೂರು ಕೇಸುಗಳ ಪಟ್ಟಿ ಎಲ್ಲರಿಗೂ ಲಭ್ಯ. ಆದೇಶ ಒಂದೂವರೆ ಪುಟ.

ಮರುದಿನ ಪತ್ರಿಕೆಗಳಲ್ಲಿ ಅವರ ಅಡ್ಡಹೆಸರು ದಪ್ಪ ಅಕ್ಷರದಲ್ಲಿ ಬಂತು. ಊರಿಗೆಲ್ಲ ಅಳತೆ ಹೇಳಿದವರ ಅಳತೆ, ಸ್ಕೇಲು ತಪ್ಪಿದ ಸಾಹೇಬರು, ಹೀಗೆ ತಲೆಗೊಂದು ಮಾತು. ಸರ್ಕಾರಿ ವಕೀಲರು ಕಾರಿಡಾರಿನಲ್ಲಿ ಎದುರಾದಾಗ ತಲೆ ಬಾಗಿಸಿದರು, ಆದರೆ ಯಾವಾಗಿನಂತೆ ನಿಲ್ಲಲಿಲ್ಲ. ಬೀಳ್ಕೊಡುಗೆಯ ಊಟಕ್ಕೆ ಬರುವುದಾಗಿ ಹೇಳಿದ್ದವರಲ್ಲಿ ಕೆಲವರಿಗೆ ಅಂದೇ ಊರಿಂದಾಚೆ ಕೆಲಸ ಬಂತು. ಬೈದು ಬರೆದ ಕಾಗದಗಳು ಒಂದು ಚೀಲ. ಹೊಗಳಿದವೂ ಇದ್ದವು; ಅವುಗಳನ್ನು ಓದುವಾಗ ಇನ್ನೂ ಕಸಿವಿಸಿಯಾಗುತ್ತಿತ್ತು. ಆ ವಾರ ಸಂಜೆ ಹೊತ್ತು ಅವರು ಮನೆಯ ಬಳಸದ ಕೋಣೆಗಳಲ್ಲಿ ಒಂದೊಂದಾಗಿ ಕೂತು ನೋಡಿದರು. ಎಲ್ಲ ಕುರ್ಚಿಗಳೂ ಹೊಸವುಗಳಂತಿದ್ದವು. ಒಂದು ಕೋಣೆಯಲ್ಲಿ ಗಡಿಯಾರ ನಿಂತಿತ್ತು, ಯಾವಾಗಿನಿಂದಲೋ.

ಅಕ್ಕ ಎರಡು ದಿನ ಫೋನ್ ಮಾಡಲಿಲ್ಲ. ಮೂರನೇ ದಿನ ಮಾಡಿ, "ಇಲ್ಲಿ ನನ್ನ ಹಳೇ ಸಹೋದ್ಯೋಗಿ ಒಬ್ಬಳು, 'ನಿನ್ನ ತಮ್ಮ ಹೀಗೆ ಮಾಡಿದ್ನಂತೆ' ಅಂದ್ಲು. 'ಹೂಂ ಕಣೆ, ರೀಡಿಂಗ್ ತಪ್ಪಾಗಿತ್ತು, ಮತ್ತೆ ತಗೋತಾ ಇದಾನೆ' ಅಂದೆ. ಅವಳಿಗೆ ಅರ್ಥ ಆಯ್ತು" ಎಂದಳು. ಇನ್ನೇನೋ ಹೇಳಲು ಹೊರಟು, ಕುಕ್ಕರ್ ಕೂಗಿ, ಇಟ್ಟುಬಿಟ್ಟಳು.

*

ಇಪ್ಪತ್ತಾರನೇ ತಾರೀಖು ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅವರು ಆ ಬೀದಿಯಲ್ಲಿ ಕಾರಿನಿಂದಿಳಿದರು. ಪೊಲೀಸರು ಎರಡೂ ತುದಿ ಕಟ್ಟಿದ್ದರು. ಬೀದಿ ಪುಸ್ತಕದಲ್ಲಿದ್ದುದಕ್ಕಿಂತ ಅಗಲವಾಗಿತ್ತು. ಕಾಲಿಟ್ಟ ಕೂಡಲೇ ಅದು ಕಾಣಿಸಿತು. ಆದರೂ ಕಣ್ಣನ್ನು ನಂಬುವ ಧೈರ್ಯವಾಗಲಿಲ್ಲ. ಗಡಿಯಾರದ ಅಂಗಡಿ ಈಗ ಮೊಬೈಲ್ ರಿಪೇರಿಯದು, ದರ್ಜಿಯ ಅಂಗಡಿಗೆ ಕಬ್ಬಿಣದ ಬಾಗಿಲು ಎಳೆದಿತ್ತು. ಕಲ್ಲಿನ ಮೆಟ್ಟಿಲು ಮೂರು, ಅವೇ. ನಕ್ಷೆಯಲ್ಲಿ ಗುರುತು ಮಾಡಿದ್ದು ನಡುವಿನದನ್ನು.

ಕಿಟಕಿಯ ಮನೆಯಲ್ಲಿ ಈಗ ಬೇರೆ ಸಂಸಾರ. ನರ್ಸ್ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಾಕೆ ನ್ಯಾಯಮೂರ್ತಿಗಳನ್ನೂ ಸರ್ವೆಯವರನ್ನೂ ಒಂದೇ ಸಮನಾಗಿ ಗದರಿಸಿದಳು. "ಗೋಡೆಗೆ ಮೊನ್ನೆ ತಾನೇ ಬಣ್ಣ ಹೊಡೆಸಿದೀನಿ, ಯಾರೂ ಒರಗಬೇಡಿ. ಅಲ್ಲ, ಇಷ್ಟು ವರ್ಷ ಆದ್ಮೇಲೆ ಇವಾಗ ಬಂದ್ರಾ ಅಳೆಯೋಕೆ?"

"ತಡವಾಯ್ತಮ್ಮಾ" ಎಂದರು ಸಾಹೇಬರು.

ದರ್ಜಿಯನ್ನು ವ್ಯಾನಿನಿಂದ ಇಳಿಸಿದರು. ಗಿಡ್ಡ ಆಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ಬೀದಿಯನ್ನು ನೋಡಲಿಲ್ಲ, ತನ್ನ ಅಂಗಡಿಯನ್ನೂ ನೋಡಲಿಲ್ಲ. ಸಾಹೇಬರ ಕೋಟಿನ ಭುಜದಿಂದ ಮಣಿಕಟ್ಟಿನವರೆಗೆ ಅವನ ಕಣ್ಣು ಒಮ್ಮೆ ಹರಿದು ನಿಂತಿತು. ಅವನೊಡನೆ ಮಾತಾಡುವುದು ನಿಯಮಕ್ಕೆ ಒಪ್ಪುವುದಿಲ್ಲ. ಇಬ್ಬರ ನಡುವೆ ನಾಲ್ಕು ಹೆಜ್ಜೆ ಮತ್ತು ಇಬ್ಬರು ಪೊಲೀಸರು.

ಸರ್ವೆಯವನು ಟೇಪಿನ ತುದಿಯನ್ನು ಕಿಟಕಿಯ ಒಳ ಅಂಚಿಗೆ ಒತ್ತಿ ಹಿಡಿಯಲು ತನ್ನ ಜೊತೆಯವನಿಗೆ ಕೊಟ್ಟು, ತಾನು ಬಿಚ್ಚುತ್ತ ಬೀದಿ ದಾಟಿ ನಡುವಿನ ಮೆಟ್ಟಿಲಿಗೆ ಹೋದ. ಸರ್ಕಾರಿ ವಕೀಲರು ಒಂದು ಕಡೆ ಬಗ್ಗಿದರು, ವಕೀಲೆ ಇನ್ನೊಂದು ಕಡೆ. ಎರಡನೆಯವರು ಬೀದಿಯ ಮಧ್ಯೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಕಾರ್ಯದರ್ಶಿ ಪುಸ್ತಕ ಬಿಡಿಸಿ ಪೆನ್ನು ಹಿಡಿದರು. ಸರ್ವೆಯವನು ಕನ್ನಡಕ ಏರಿಸಿ ಟೇಪಿನ ಮೇಲೆ ಬಾಗಿದ.

"ಸಾರ್, ಓದಬೇಡಿ" ಎಂದ ದರ್ಜಿ.

ಎಲ್ಲರೂ ತಿರುಗಿದರು.

"ಟೇಪು ಜೋಲು ಬಿದ್ದಿದೆ ನೋಡಿ. ಜೋಲು ಬಿದ್ರೆ ಜಾಸ್ತಿ ತೋರಿಸುತ್ತೆ. ಬಿಗಿಯಾಗಿ ಎಳೀರಿ."

ನಿಜ. ಬೀದಿಯ ನಡುವೆ ಟೇಪು ಎರಡನೆಯವರ ಮೊಣಕಾಲಿನ ಮಟ್ಟಕ್ಕೆ ಬಾಗಿತ್ತು. ವಕೀಲೆ ಓಡಿ ಬಂದು, "ಸುಮ್ನಿರಿ, ನಿಮಗೇ ನಷ್ಟ" ಎಂದು ಪಿಸುಗುಟ್ಟಿದಳು. ಆ ಮೌನದಲ್ಲಿ ಅದು ಎಲ್ಲರಿಗೂ ಕೇಳಿಸಿತು.

"ನಾಳೆ ಯಾರಾದ್ರೂ ಜೋಲಿತ್ತು ಅಂದ್ರೆ ಏನಮ್ಮಾ ಮಾಡೋದು? ಮತ್ತೆ ಐದು ಕಾಗದ ಬರೆಯೋಕೆ ನನ್ನ ಕೈಲಿ ಆಗಲ್ಲ."

ಸಾಹೇಬರ ತಲೆ ತನಗೆ ತಾನೇ ಲೆಕ್ಕಕ್ಕೆ ಇಳಿಯಿತು. ಅಷ್ಟು ಜೋಲಿಗೆ ಐದಾರು ಸೆಂಟಿಮೀಟರ್ ಹೋಗುತ್ತದೆ. ಹದಿನೈದರ ಮೇಲೆ ಎಷ್ಟಿದೆ ಎಂಬುದು ಮೆಟ್ಟಿಲ ಬಳಿ ಬಗ್ಗಿದ್ದವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಐದೇ ಇದ್ದರೆ? ಅವರಿಗೆ ಒಂದು ಕ್ಷಣ, ಹಾಗೆಯೇ ಓದಿ ಎನ್ನಬೇಕೆನಿಸಿತು. ನಲವತ್ತು ವರ್ಷದ ಕೆಲಸದಲ್ಲಿ ಅಂಥ ಆಸೆ ಹುಟ್ಟಿದ್ದು ಅದೇ ಮೊದಲು.

"ಅವರು ಹೇಳಿದ ಹಾಗೆ ಮಾಡಿ" ಎಂದರು.

ಸರ್ವೆಯವನು ಮೆಟ್ಟಿಲಿಗೆ ಪಾದ ಒತ್ತಿ ನಿಂತು ಎಳೆದ. ಟೇಪು ನಿಧಾನವಾಗಿ ಮೇಲೆದ್ದು, ಒಮ್ಮೆ ಅದುರಿ, ನೆಟ್ಟಗಾಯಿತು. ದರ್ಜಿ ತಲೆಯನ್ನು ಪಕ್ಕಕ್ಕೆ ವಾಲಿಸಿ ಅದರ ಉದ್ದಕ್ಕೂ ಕಣ್ಣು ಹಾಯಿಸಿ, ಸರಿ ಎನ್ನುವಂತೆ ತಲೆಯಾಡಿಸಿದ. ಸರ್ವೆಯವನು ಉಗುರನ್ನು ಗುರುತಿನ ಮೇಲಿಟ್ಟು ಓದಿದ. ಸರ್ಕಾರಿ ವಕೀಲರು ಬಗ್ಗಿ ಅದನ್ನೇ ಮತ್ತೊಮ್ಮೆ ಓದಿದರು, ವಕೀಲೆಯೂ ಓದಿದಳು. ಮೂರೂ ಒಂದೇ ಆಗಿತ್ತು.

"ಬರ್ಕೊಳ್ಳಿ" ಎಂದರು ಸಾಹೇಬರು ಕಾರ್ಯದರ್ಶಿಗೆ. ಆಮೇಲೆ ಪೂರ್ತಿ ವಾಕ್ಯವನ್ನು ಹೇಳಿದರು. ಕಿಟಕಿಯ ಒಳ ಅಂಚಿನಿಂದ ನಡುವಿನ ಮೆಟ್ಟಿಲವರೆಗಿನ ಅಂತರ ಹದಿನೈದು ಮೀಟರ್ ಅರವತ್ತೆರಡು ಸೆಂಟಿಮೀಟರ್.